ಹೋಗಿ ಬರ್ತೀನಿ ಎಂದ ಗಿಣಿ

ಒಂದು ಕಾಡಿನಲ್ಲಿ ಒಂದೇ ಒಂದು ಕಟ್ಟಳೆ ಇತ್ತು: ಯಾರಾದರೂ ಕೂಗಿದರೆ ಮೊದಲು ಕೂಗಿದವರ ಮುಖ ನೋಡಬೇಕು, ಆಮೇಲೆ ಉತ್ತರ ಕೊಡಬೇಕು. ಕಟ್ಟಳೆ ಸಣ್ಣದು. ಮರಿಗಳಿಗೂ ಬಾಯಿಪಾಠವಾಗಿತ್ತು. ಆದರೂ ಒಂದು ಗಿಣಿಯ ವಿಷಯದಲ್ಲಿ ಎಲ್ಲರೂ ಅದನ್ನು ಮುರಿದರು.

ಆ ಗಿಣಿ ಊರಿನ ಯಾವುದೋ ಮನೆಯಲ್ಲಿ ಬೆಳೆದದ್ದು. ಕಣ್ಣು ಬಿಡುವ ಮೊದಲೇ ಅದನ್ನು ಗೂಡಿನಿಂದ ಎತ್ತಿ ಪಂಜರಕ್ಕೆ ಹಾಕಿದ್ದರು. ಹಾಗಾಗಿ ಕಾಡಿನ ಮಾತು ಅದಕ್ಕೆ ಬರುತ್ತಿರಲಿಲ್ಲ. ಒಂದು ದಿನ ಪಂಜರದ ಬಾಗಿಲು ತೆರೆದೇ ಇತ್ತು. ಗಿಣಿ ಹೊರಗೆ ಬಂತು. ರೆಕ್ಕೆಯ ಗರಿ ಕತ್ತರಿಸಿದ್ದರು, ಹಾರಲು ಆಗಲಿಲ್ಲ. ಬೇಲಿಯಿಂದ ಬೇಲಿಗೆ ಕುಪ್ಪಳಿಸುತ್ತ ಬಂದು ಕಾಡಿನ ಅಂಚಿನ ಅತ್ತಿಮರದ ತಗ್ಗು ಕೊಂಬೆಯನ್ನು ಸೇರಿತು.

ಕಾಡಿನವರು ಒಳ್ಳೆಯವರೇ. ಜಿಂಕೆ ಬಂದು ಮಾತಾಡಿಸಿತು. ನವಿಲು ಕಾಳು ತಂದುಕೊಟ್ಟಿತು. ಕಾಡಿಗೆಲ್ಲ ಹಿರಿಯನಾದ ಕಡವೆ ಅಜ್ಜನೂ ಬಂದು ನೋಡಿತು. ಸಂಜೆ ಅವರೆಲ್ಲ ಹೊರಡಲು ಬೆನ್ನು ತಿರುಗಿಸಿದರು. ಆಗ ಗಿಣಿ ಕೂಗಿತು: "ಹೋಗಿ ಬರ್ತೀನಿ! ಹೋಗಿ ಬರ್ತೀನಿ!"

"ಹೊರಟಿರೋದು ನಾವು, ಹೋಗಿ ಬರ್ತೀನಿ ಅನ್ನೋದು ಅದು!" ಎಂದು ಜಿಂಕೆ ನಕ್ಕಿತು.

"ನಗಬೇಡ ಕಣೇ. ಎಷ್ಟು ಮರ್ಯಾದೆ ಕಲಿತಿದೆ ನೋಡು," ಎಂದಿತು ನವಿಲು. "ಹೋಗಿ ಬಾ ಕಂದ, ಹೋಗಿ ಬಾ."

ಎಲ್ಲರೂ "ಹೋಗಿ ಬಾ" ಎಂದರು. ತಿರುಗಿ ನೋಡದೆ ಹೋದರು. ದಿನವೂ ಹೀಗೇ ನಡೆಯಿತು.

ಅದೇ ಮರದ ತುದಿಯಲ್ಲಿ ಒಂದು ಕೆಂದಳಿಲು ಇತ್ತು. ಅದು ಮಾತ್ರ ಗಿಣಿಯ ಮುಖ ನೋಡಿತು. ಕೂಗುವಾಗ ಗಿಣಿಯ ಗರಿಗಳು ಮೈಗೆ ಅಂಟಿಕೊಳ್ಳುತ್ತಿದ್ದವು. ಕಣ್ಣಿನ ಪಾಪೆ ಚುಕ್ಕೆಯಷ್ಟು ಚಿಕ್ಕದಾಗುತ್ತಿತ್ತು. 'ಇದು ಮರ್ಯಾದೆ ಅಲ್ಲ,' ಎಂದುಕೊಂಡಿತು ಅಳಿಲು.

ಗಿಣಿಯ ಸುದ್ದಿ ನರಿಗೂ ತಲುಪಿತು. ಹಾರಲಾಗದ ಹಕ್ಕಿ ಎಂದು ಕೇಳಿದೊಡನೆ ಅದರ ಬಾಯಲ್ಲಿ ನೀರೂರಿತು. ಬಂದು ಎಲ್ಲರ ಮುಂದೆ ಗಂಭೀರವಾಗಿ ಕೂತಿತು.

"ನಾನು ಊರಿನ ಹಿತ್ತಿಲುಗಳಲ್ಲಿ ಓಡಾಡಿದವನು. ಗಿಣಿ ಮಾಡೋ ಒಂದೊಂದು ಸದ್ದಿಗೂ ನಾನು ಅರ್ಥ ಹೇಳಬಲ್ಲೆ. ಪಾಪ, ಅದು ಮನೆಗೆ ಹೋಗಬೇಕು ಅಂತ ಗೋಗರೀತಾ ಇದೆ. ಬೆನ್ನ ಮೇಲೆ ಕೂರಿಸಿಕೊಂಡು ನಾನೇ ಬಿಟ್ಟು ಬರ್ತೀನಿ."

"ಬೆನ್ನ ಮೇಲೋ, ಹೊಟ್ಟೆ ಒಳಗೋ?" ಎಂದು ಮೇಲಿನಿಂದ ಕೇಳಿತು ಅಳಿಲು.

"ಅಳಿಲಕ್ಕ, ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು," ಎಂದಿತು ನರಿ.

ಕಡವೆ ಅಜ್ಜ ತಲೆದೂಗಿತು. "ನರಿ ಹೇಳೋದು ಸರಿ ಅನ್ನಿಸುತ್ತೆ. ಇಳಿದು ಬಾ ಮಗು, ಹೋಗಿ ಬಾ."

"ಹೋಗಿ ಬಾ, ಹೋಗಿ ಬಾ," ಎಂದರು ಎಲ್ಲರೂ.

ಅಳಿಲು ಸರಸರನೆ ಇಳಿದು ಬಂದು ಗಿಣಿಗೂ ನರಿಗೂ ನಡುವೆ ನಿಂತಿತು. "ನಾನು ಒಪ್ಪೋದಿಲ್ಲ."

"ನೀನು ಊರಿನ ಮನೆ ನೋಡಿದ್ದೀಯೇನಮ್ಮ?" ಎಂದು ಕೇಳಿತು ಕಡವೆ.

"ಇಲ್ಲ ಅಜ್ಜ. ಆದರೆ ಮುಖ ನೋಡೋಕೆ ಬರುತ್ತೆ. ನಾವು ಬೆನ್ನು ತಿರುಗಿಸಿದಾಗ ಮಾತ್ರ ಇದು ಹಾಗೆ ಕೂಗುತ್ತೆ. ಮನೆಯವರು ಬಾಗಿಲು ಹಾಕಿಕೊಂಡು ಹೋಗುವಾಗ ಆ ಮಾತು ಹೇಳ್ತಿದ್ದಿರಬೇಕು. ಅದು ಕೇಳಿಸಿದ ಮೇಲೆ ಇದು ಒಂಟಿ. ಒಂಟಿಯಾಗಿ ಇರೋಕೆ ಭಯ ಅನ್ನೋದಕ್ಕೆ ಇದರ ಹತ್ತಿರ ಇರೋದು ಅದೊಂದೇ ಮಾತು."

"ಕಟ್ಟುಕಥೆ!" ಎಂದು ನರಿ ಮುಂದೆ ಜಿಗಿದು ಬಾಯಿ ತೆರೆಯಿತು. ಗಿಣಿಗೆ ಹಲ್ಲು ಕಾಣಿಸಿತು.

ಮನೆಯಲ್ಲಿ ಪಂಜರದ ಹತ್ತಿರ ಬೆಕ್ಕು ಬಂದಾಗಲೆಲ್ಲ ನಾಯಿ ಬೊಗಳಿ ಓಡಿಸುತ್ತಿತ್ತು. ಗಿಣಿ ಅದನ್ನೂ ಕಲಿತಿತ್ತು. ಈಗ ಗಂಟಲು ಬಿರಿಯುವಂತೆ ಕೂಗಿತು: "ಬೌ! ಬೌ! ಬೌ!"

"ನಾಯಿ ಬಂತು!" ಎಂದು ನರಿ ಕಿರುಚಿತು. ದಾರಿಯನ್ನೂ ನೋಡದೆ ಓಡಿ ಸೀಗೆಮೆಳೆಗೆ ಬಿತ್ತು. ಬಾಲದ ಕೂದಲನ್ನೆಲ್ಲ ಮುಳ್ಳಿಗೆ ಬಿಟ್ಟು ಬೆತ್ತಲೆ ಬಾಲದಲ್ಲಿ ಓಡಿತು.

"ಪಂಡಿತರೇ, ಈ ಸದ್ದಿಗೂ ಒಂದು ಅರ್ಥ ಹೇಳಿ ಹೋಗಿ!" ಎಂದು ನವಿಲು ಕೂಗಿ ಕರೆಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಡವೆ ಅಜ್ಜ ಮಾತ್ರ ನಗಲಿಲ್ಲ. "ಕಟ್ಟಳೆ ಹೇಳಿಕೊಟ್ಟ ನಾನೇ ಮುಖ ನೋಡಲಿಲ್ಲ," ಎಂದು ತಲೆ ತಗ್ಗಿಸಿತು. ನಗು ನಿಂತಿತು.

ಅಷ್ಟರಲ್ಲಿ ಸಂಜೆಯಾಯಿತು. ಎಲ್ಲರಿಗೂ ಮನೆಯ ನೆನಪಾಯಿತು. ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿದರು.

"ಹೋಗಿ ಬರ್ತೀನಿ," ಎಂದಿತು ಗಿಣಿ, ಸಣ್ಣ ದನಿಯಲ್ಲಿ.

"ಹೋಗಿ ಬಾ," ಎಂಬ ಮಾತು ಹಳೆಯ ಅಭ್ಯಾಸದಿಂದ ಒಂದೆರಡು ಬಾಯಿಂದ ಜಾರಿಯೇಬಿಟ್ಟಿತು.

ಅಳಿಲು ಹಾಗೆ ಹೇಳಲಿಲ್ಲ. ಮರದ ತುದಿಗೆ ಹತ್ತಿ ತನ್ನ ಗೂಡಿನ ಎಲೆಗಳನ್ನು ಬಾಯಿತುಂಬ ಕಚ್ಚಿ ತಂದಿತು. ಗಿಣಿಯ ಕೊಂಬೆಯ ಮೇಲೆ ಅವನ್ನು ಹಾಸಿತು. ತನ್ನ ಉದ್ದ ಬಾಲವನ್ನು ಗಿಣಿಯ ಬೆನ್ನಿಗೆ ಸುತ್ತಿ, ಒತ್ತಿಕೊಂಡು ಕೂತಿತು. ಸ್ವಲ್ಪ ಹೊತ್ತಿಗೆ ಗಿಣಿಯ ಗರಿಗಳು ಸಡಿಲವಾದವು. ಅದು ಅರೆಗಣ್ಣು ಮುಚ್ಚಿ, ಮೇಲಿನ ಕೊಕ್ಕನ್ನು ಕೆಳಗಿನ ಕೊಕ್ಕಿಗೆ ಮಸೆಯುತ್ತ "ಕಿರ್ರ್, ಕಿರ್ರ್" ಎಂದು ಹೊಸದೊಂದು ಸದ್ದು ಮಾಡಿತು. ಅಳಿಲು ಬಗ್ಗಿ ಅದರ ಮುಖ ನೋಡಿತು. ಆಮೇಲೆ ಬಾಲವನ್ನು ಇನ್ನೊಂದು ಸುತ್ತು ಬಿಗಿ ಮಾಡಿತು.

ನೀತಿ: ಮಾತಿನ ಅರ್ಥ ಆಡಿದವರ ಮುಖದಲ್ಲಿರುತ್ತದೆ, ಅದನ್ನು ನೋಡದೆ ಕೊಟ್ಟ ಉತ್ತರ ಎಷ್ಟೇ ಮರ್ಯಾದೆಯದಾದರೂ ತಪ್ಪು.