ಮಡಿಚಿದ ಎಲೆ

"ಗುರುಗಳೇ, ತಪ್ಪನ್ನು ತಿದ್ದಿಯಾದ ಮೇಲೂ ಅದನ್ನು ಹೇಳಲೇಬೇಕೇ?" ಎಂದು ಧರಣೇಂದ್ರ ಕೇಳಿದ.

ಕೇಳಿದ್ದು ಚನ್ನಮಲ್ಲಪ್ಪನವರನ್ನು. ಹದಿನೈದು ವರ್ಷದ ಹಿಂದೆ ಅವನಿಗೆ ಪ್ರೋಗ್ರಾಂ ಬರೆಯಲು ಕಲಿಸಿದವರು ಅವರು. ಈಗ ನಿವೃತ್ತರಾಗಿ ಮನೆಯಲ್ಲಿದ್ದರು. ಗೆದ್ದಾಗ ಫೋನು ಮಾಡುವ ಶಿಷ್ಯರು ಏನನ್ನಾದರೂ ಕೆಡಿಸಿಕೊಂಡಾಗ ಮಾತ್ರ ಬಾಗಿಲಿಗೆ ಬರುತ್ತಾರೆ ಎಂಬುದು ಅವರ ಬಹುಕಾಲದ ದೂರು.

"ಏನು ತಪ್ಪು ಅಂತ ಹೇಳದೆ ತೀರ್ಪು ಕೇಳ್ತೀಯಲ್ಲಯ್ಯಾ. ಮೊದಲು ಅದನ್ನು ಬಿಚ್ಚು" ಎಂದರು.

ಧರಣೇಂದ್ರ ತಲೆ ತಗ್ಗಿಸಿಕೊಂಡೇ ಹೇಳಿದ. ಅವನು ಒಂದು ಪುಟ್ಟ ಲೈಬ್ರರಿ ಬರೆದಿದ್ದ. ಬೇರೆ ಪ್ರೋಗ್ರಾಮರುಗಳು ತಮ್ಮ ಕೆಲಸಕ್ಕೆ ಎತ್ತಿಕೊಳ್ಳಬಹುದಾದ ಸಿದ್ಧ ಸಾಮಗ್ರಿ ಅದು. ಇವೆಂಟ್ ಲೂಪ್ ಎಂಬ ಜಾತಿಯದು. ಒಬ್ಬನೇ ಕೆಲಸಗಾರ ನೂರು ಕಡೆ ಕಿವಿಗೊಟ್ಟು ಸುತ್ತುತ್ತಿರುವ ಹಾಗೆ ಅದು ಸುತ್ತುತ್ತದೆ. ಯಾರ ಕೆಲಸ ಸಿದ್ಧವಾಗಿದೆಯೋ ಅವರದನ್ನು ಚಕ್ಕನೆ ಮುಗಿಸುತ್ತದೆ. ಯಾರದು ತಡವಾಗುವಂತಿದೆಯೋ ಅವರಿಗೆ 'ಆದಾಗ ಹೇಳು' ಎಂದು ಹೇಳಿ ಮುಂದೆ ಹೋಗುತ್ತದೆ. ಯಾರೊಬ್ಬರ ಮುಂದೆಯೂ ಕಾಯುತ್ತ ನಿಲ್ಲಬಾರದು, ಅದೊಂದೇ ಅದರ ನೇಮ. ನಿಂತರೆ ಎಲ್ಲರ ಕೆಲಸವೂ ನಿಂತಿತು. ಇಷ್ಟನ್ನೂ ಆರುನೂರು ಸಾಲಿನಲ್ಲಿ ಬರೆದು ಮುಗಿಸಿದ್ದೇನೆಂದು ಅವನು ಕಂಡಕಂಡವರ ಮುಂದೆ ಹೇಳಿಕೊಂಡಿದ್ದ.

ಆಸ್ಪತ್ರೆಗಳ ಬೇಡಿಕೆಯನ್ನು ರಕ್ತನಿಧಿಗಳಿಗೆ ಮುಟ್ಟಿಸುವ ಒಂದು ಸಂಸ್ಥೆ ಆ ಲೈಬ್ರರಿಯನ್ನು ಎತ್ತಿಕೊಂಡಿತು. ಆ ಸಂಸ್ಥೆಯ ಜಾಲದಲ್ಲಿದ್ದ ದೊಡ್ಡ ಆಸ್ಪತ್ರೆಯೊಂದರ ಕಂಪ್ಯೂಟರು ಉತ್ತರ ಕೊಡುವುದಕ್ಕೆ ತಡಮಾಡುತ್ತಿತ್ತು. ಆ ಆಸ್ಪತ್ರೆಯ ಮುಖ್ಯಸ್ಥರು ತುಂಬಿದ ಸಭೆಯಲ್ಲಿ ಧರಣೇಂದ್ರನನ್ನು ಹೊಗಳಿದರು. ಆಮೇಲೆ ಪಕ್ಕಕ್ಕೆ ಕರೆದು, ನಮ್ಮ ಉತ್ತರ ಬರುವ ತನಕ ನಿಮ್ಮ ಲೂಪು ಸ್ವಲ್ಪ ಕಾದರೆ ಚೆನ್ನಾಗಿತ್ತು ಎಂದರು. ಹೊಗಳಿಕೆ ಇನ್ನೂ ಕಿವಿಯಲ್ಲಿತ್ತು. ಆಗಲಿ ಎಂದು ಇವನು ನಾಲ್ಕು ಸಾಲು ಸೇರಿಸಿದ.

ಒಂದು ದಿನ ಆ ದೊಡ್ಡ ಆಸ್ಪತ್ರೆಯ ಕಂಪ್ಯೂಟರು ಕೆಟ್ಟಿತು. ಲೂಪು ಅದರ ಮುಂದೆ ಹದಿನಾಲ್ಕು ನಿಮಿಷ ನಿಂತಿತು. ಅದೇ ಹೊತ್ತಿನಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಿಂದ ರಕ್ತ ಬೇಕೆಂದು ಬೇಡಿಕೆ ಬಂದಿತ್ತು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕಾದು ಕಾದು ಆ ಕಡೆಯ ಸಂಪರ್ಕ ತಾನಾಗಿ ಕಡಿದುಹೋಯಿತು. ಲೂಪು ಮತ್ತೆ ತಿರುಗತೊಡಗಿದಾಗ ಕಡಿದ ಸಂಪರ್ಕವನ್ನು ಕಂಡು, ಕೇಳಿದವರೇ ಬೇಡಿಕೆ ಕೈಬಿಟ್ಟಿದ್ದಾರೆ ಎಂದು ದಾಖಲೆಯಲ್ಲಿ ಬರೆದುಕೊಂಡಿತು. ಬೇರೆ ಊರಿಂದ ರಕ್ತ ತರಿಸಿ ಆ ತಾಯಿಯನ್ನು ಹೇಗೋ ಉಳಿಸಿಕೊಂಡರು. ಆದರೆ ವಿಚಾರಣೆ ನಡೆಯಿತು. ದಾಖಲೆ ತೆಗೆದು ನೋಡಿ, ಬೇಡಿಕೆ ಕಳಿಸಿದ ನರ್ಸನ್ನು ಕೆಲಸದಿಂದ ತೆಗೆದರು. ನಾನು ಕೈಬಿಡಲಿಲ್ಲ, ಕಾಯುತ್ತಲೇ ಇದ್ದೆ ಎಂದು ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ.

"ಆ ನಾಲ್ಕು ಸಾಲು ಅಳಿಸಿಬಿಟ್ಟಿದ್ದೇನೆ, ಗುರುಗಳೇ. ಇನ್ನು ಮುಂದೆ ಲೂಪು ಯಾರ ಮುಂದೆಯೂ ನಿಲ್ಲುವುದಿಲ್ಲ. ಇಷ್ಟು ಸಾಲದೇ?"

ಹೇಳಿ ಮುಗಿಸುವಷ್ಟರಲ್ಲಿ ಅವನ ಕಿವಿಗಳು ಬಿಸಿಯಾಗಿದ್ದವು. ಸಾಕು ಎಂದು ಗುರುಗಳ ಬಾಯಿಂದ ಬಂದರೆ ಎದ್ದು ಹೋಗಿಬಿಡೋಣವೆಂದು ಕಾದ. ಗುರುಗಳು ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಅನ್ನಛತ್ರದಲ್ಲಿ ಒಬ್ಬ ಬಡಿಸುವವನಿದ್ದ. ನಲವತ್ತು ಎಲೆಗೆ ಅವನೊಬ್ಬನೇ. ದಾರಿಹೋಕರು ಬಂದ ಬಂದ ಹಾಗೆ ಕೂರುತ್ತಿದ್ದರು, ಉಂಡ ಉಂಡ ಹಾಗೆ ಏಳುತ್ತಿದ್ದರು. ಇಷ್ಟು ಜನಕ್ಕೆ ಒಬ್ಬನೇ ಹೇಗಪ್ಪ ಬಡಿಸುತ್ತಾನೆ ಎಂದು ನೋಡುವವರಿಗೆ ಆಶ್ಚರ್ಯ. ಅವನು ಒಂದು ಕ್ರಮ ಮಾಡಿಕೊಂಡಿದ್ದ. ಬೇಕಾದವನು ಕೂಗಬಾರದು, ಎಲೆಯ ಅಂಚಿಗೆ ಕೈಯಿಟ್ಟು ಸುಮ್ಮನಿರಬೇಕು. ಸಾಕಾದವನು ಎಲೆ ಮಡಿಚಬೇಕು. ಇವನು ಸಾಲಿನ ಉದ್ದಕ್ಕೂ ಸುತ್ತುತ್ತಿದ್ದ. ಕೈಯಿಟ್ಟ ಎಲೆಗೆ ಬಡಿಸುತ್ತಿದ್ದ, ಮಡಿಚಿದ ಎಲೆಯನ್ನು ದಾಟುತ್ತಿದ್ದ. ಇನ್ನಷ್ಟು ಬೇಕೋ ಬೇಡವೋ ಎಂದು ಯೋಚಿಸುವವನ ಮುಂದೆ ನಿಲ್ಲುತ್ತಿರಲಿಲ್ಲ. ಯೋಚಿಸಿಕೋ ಮಾರಾಯ, ಮುಂದಿನ ಸುತ್ತಿಗೆ ಬರುತ್ತೇನೆ ಎಂದು ನಡೆದುಬಿಡುತ್ತಿದ್ದ. ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಎಲೆ ನೋಡಿದರೆ ಸಾಕಾಗಿತ್ತು. ಛತ್ರದಿಂದ ಯಾರೂ ಹಸಿದು ಎದ್ದಿಲ್ಲ ಎಂಬುದು ಅವನ ಹೆಮ್ಮೆ.

ಒಂದು ಮಧ್ಯಾಹ್ನ ಒಬ್ಬ ವರ್ತಕ ಬಂದು ಸಾಲಿನ ನಡುವೆ ಕುಳಿತ. ಛತ್ರಕ್ಕೆ ವರ್ಷವರ್ಷವೂ ಅಕ್ಕಿ ಕೊಡುವವನು ಅವನೇ. ಅವನ ಊಟ ಮುಗಿಯುತ್ತ ಬಂದಾಗ ಒಬ್ಬ ದಾರಿಹೋಕ ಬಂದು ಸಾಲಿನ ತುದಿಯಲ್ಲಿ ಕುಳಿತ. ಬಡಿಸುವವನು ಅವನಿಗೆ ಎಲೆ ಹಾಕಿ, ಎಲೆಯ ತುದಿಗೆ ಉಪ್ಪು ಬಡಿಸಿ, ಅನ್ನ ತರಲು ತಿರುಗಿದ. ತರುವಾಗ ವರ್ತಕ ಅವನನ್ನು ತಡೆದ.

"ಸ್ವಲ್ಪ ನಿಲ್ಲಪ್ಪ. ನಿನ್ನಂಥ ಬಡಿಸುವವನನ್ನು ನಾನು ಎಲ್ಲೂ ನೋಡಿಲ್ಲ. ಇನ್ನೊಂದು ಸಲ ಪಾಯಸ ಹಾಕಿಸಿಕೊಳ್ಳಲೋ ಬೇಡವೋ ಅಂತ ನೋಡ್ತಾ ಇದ್ದೇನೆ."

ಬಡಿಸುವವನು ನಿಂತ. ವರ್ತಕ ಪಾಯಸದ ಮಾತು ಬಿಟ್ಟು ಬಡಿಸುವವನ ಕೈಗುಣದ ಮಾತೆತ್ತಿದ. ಆ ಊರಿನ ಛತ್ರ ಹೀಗೆ, ಈ ಊರಿನ ಛತ್ರ ಹಾಗೆ ಎಂದು ಹೇಳಿದ. ಅನ್ನದ ಪಾತ್ರೆ ಹಿಡಿದ ಕೈ ಸೋತರೂ ಇವನು ಕದಲಲಿಲ್ಲ. ಹೊಗಳಿಕೆ ಯಾರಿಗೆ ಬೇಡ! ಸಾಲಿನ ತುದಿಯಲ್ಲಿ ದಾರಿಹೋಕ ಎಲೆಗೆ ಕೈಯಿಟ್ಟುಕೊಂಡು ಕುಳಿತೇ ಇದ್ದ. ಕೂಗಬಾರದೆಂದು ಅವನಿಗೆ ಹೇಳಿದ್ದರು, ಕೂಗಲಿಲ್ಲ. ಅಕ್ಕಪಕ್ಕದವರು ಉಂಡು ಎದ್ದರು. ಉಪ್ಪಿನ ಎಲೆಯ ಮುಂದೆ ಒಬ್ಬನೇ ಕುಳಿತಿರುವುದಕ್ಕೆ ಅವನಿಗೆ ನಾಚಿಕೆಯಾಯಿತು. ಎಲೆ ಮಡಿಚಿ ಎದ್ದು ಹೋದ.

ವರ್ತಕ ಕೊನೆಗೆ ಪಾಯಸ ಬೇಡವೆಂದ. ಬಡಿಸುವವನು ತುದಿಗೆ ಬಂದು ನೋಡಿದರೆ ಎಲೆ ಮಡಿಚಿದೆ. ಹೊಗಳಿಕೆಯ ಗುಂಗಿನಲ್ಲಿ ಅಲ್ಲಿಗೆ ಅನ್ನ ಬಡಿಸಿಲ್ಲವೆಂಬುದನ್ನೇ ಮರೆತು, ಉಂಡಾಯಿತಲ್ಲ, ಸಂತೋಷ ಎಂದುಕೊಂಡು ದಾಟಿದ. ಎಲೆ ಎತ್ತುವಾಗ ಅದು ಕೈಗೆ ಹಗುರವಾಗಿ ಬಂತು. ಬಿಚ್ಚಿ ನೋಡಿದ. ಇಟ್ಟ ಉಪ್ಪು ಇಟ್ಟ ಹಾಗೇ ಇತ್ತು, ಅನ್ನದ ಒಂದು ಅಗುಳೂ ಇರಲಿಲ್ಲ.

ಅಷ್ಟರಲ್ಲಿ ಛತ್ರದ ಮೇಲ್ವಿಚಾರಣೆ ನೋಡುವ ಪಾರುಪತ್ಯಗಾರ ಬಂದು, ಇದೇನು ಉಣ್ಣದ ಎಲೆ ಎಂದು ಕೇಳಿದ. ವರ್ತಕ ಕೈ ತೊಳೆಯುತ್ತ ಅಲ್ಲೇ ನಿಂತಿದ್ದ. ನಿಜ ಹೇಳಿದರೆ ಇದುವರೆಗೆ ಹೊಗಳಿದ್ದೆಲ್ಲ ನೀರುಪಾಲಾಗುತ್ತದೆ. "ಅವನೇ ಎಲೆ ಮಡಿಚಿ ಎದ್ದು ಹೋದ" ಎಂದ ಬಡಿಸುವವನು. ಸುಳ್ಳಲ್ಲ. ಮಡಿಚಿದ್ದು ಅವನೇ, ಎದ್ದು ಹೋದದ್ದೂ ಅವನೇ. ಪಾರುಪತ್ಯಗಾರ ಕೆಂಡವಾದ. ಉಪ್ಪು ಬಡಿಸಿದ ಎಲೆಯನ್ನು ಮಡಿಚಿ ಹೋದನೇ! ಅನ್ನಕ್ಕೆ ಅವಮಾನ ಮಾಡಿದವನನ್ನು ಇನ್ನು ಒಳಗೆ ಬಿಡಬೇಡ ಎಂದು ಬಾಗಿಲು ಕಾಯುವವನಿಗೆ ಕಟ್ಟಪ್ಪಣೆ ಮಾಡಿದ. ಬಡಿಸುವವನು ಬಾಯಿ ತೆರೆಯಲಿಲ್ಲ.

ಮರುದಿನದಿಂದ ಅವನು ಯಾರ ಮುಂದೆಯೂ ನಿಲ್ಲಲಿಲ್ಲ. ಅಕ್ಕಿ ಕೊಡುವವನಿರಲಿ, ಊರ ದೊರೆಯೇ ಬಂದರೂ ನಿಲ್ಲಲಿಲ್ಲ. ಸಾಲಿನ ತುದಿಯ ಎಲೆಗೇ ಮೊದಲು ಬಡಿಸಿದ. ಎಂಥ ನಿಷ್ಠೆಯಪ್ಪ ಎಂದು ಜನ ಇನ್ನಷ್ಟು ಹೊಗಳಿದರು. ಹೊಗಳಿದಾಗಲೆಲ್ಲ ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸುತ್ತಿತ್ತು. ಆದರೂ ಹೇಳಲಿಲ್ಲ. ತಿದ್ದಿಕೊಂಡೆನಲ್ಲ, ಇನ್ನೇನು ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ.

ಒಂದು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಅವನು ಸಾಲಿನಲ್ಲಿ ಬಡಿಸುತ್ತಿದ್ದಾಗ ಬಾಗಿಲಲ್ಲಿ ಗದ್ದಲವಾಯಿತು. ಅನ್ನಕ್ಕೆ ಅವಮಾನ ಮಾಡಿದವನು ನೀನಲ್ಲವೇ, ಮತ್ತೆ ಯಾವ ಮುಖ ಇಟ್ಟುಕೊಂಡು ಬಂದೆ ಎಂದು ಬಾಗಿಲು ಕಾಯುವವನು ಯಾರನ್ನೋ ಗದರಿಸುತ್ತಿದ್ದ. ನನಗೆ ಅನ್ನವೇ ಬರಲಿಲ್ಲ ಸ್ವಾಮಿ ಎಂದು ಆ ಯಾರೋ ಹೇಳುತ್ತಿದ್ದ. ಬಡಿಸುವವನು ಪಾತ್ರೆಯನ್ನು ಅಲ್ಲೇ ಇಟ್ಟು ಓಡಿದ. ಹೊರಗೆ ಬರುವಷ್ಟರಲ್ಲಿ ಅವನು ಹೊರಟುಹೋಗಿದ್ದ, ಬೀದಿ ತುಂಬ ಜನ ಹೋಗುತ್ತಿದ್ದರು. ಎಲೆಯನ್ನಷ್ಟೇ ನೋಡಿದವನಿಗೆ ಅವರಲ್ಲಿ ಯಾರೆಂದು ತಿಳಿಯಲಿಲ್ಲ.

ಚನ್ನಮಲ್ಲಪ್ಪನವರು ಅಲ್ಲಿಗೆ ನಿಲ್ಲಿಸಿದರು. ಧರಣೇಂದ್ರ ಆಗಲೇ ಮುಖ ಎತ್ತದಂತಾಗಿದ್ದ. ಬಾಗಿಲಲ್ಲಿ ನಿಂತು ನನಗೆ ಅನ್ನವೇ ಬರಲಿಲ್ಲ ಎಂದು ಬೇಡಿದವನ ದನಿ ಅವನಿಗೆ ಹೆಣ್ಣಿನ ದನಿಯಾಗಿ ಕೇಳಿಸುತ್ತಿತ್ತು. ನರ್ಸಿನ ವಿಚಾರಣೆ ನಡೆದ ಕೋಣೆಯಲ್ಲಿ ಆ ದಿನ ಧರಣೇಂದ್ರನೂ ಇದ್ದ. ದಾಖಲೆ ಸರಿಯೇ ಎಂದು ಅವನನ್ನು ಕೇಳಿದ್ದರು. ದಾಖಲೆ ಇದ್ದದ್ದನ್ನೇ ಬರೆಯುತ್ತದೆ ಎಂದು ಅವನು ಹೇಳಿದ್ದ. ಇದನ್ನು ಗುರುಗಳಿಗೂ ಹೇಳಿರಲಿಲ್ಲ.

"ಆಮೇಲೆ ಅವನು ಸಿಕ್ಕನೇ, ಗುರುಗಳೇ?" ಎಂದು ಕೇಳಿದ.

"ಹೇಗೆ ಸಿಗ್ತಾನಯ್ಯಾ? ಕೂಗಿ ಕರೆಯೋಣ ಅಂದರೆ ಬಡಿಸುವವನಿಗೆ ಅವನ ಹೆಸರೇ ಗೊತ್ತಿರಲಿಲ್ಲ" ಎಂದರು ಗುರುಗಳು. ಎದ್ದು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಒಳಗೆ ಹೊರಟವರು ಹೊಸ್ತಿಲ ಬಳಿ ತಿರುಗಿದರು.

"ಆ ನರ್ಸಮ್ಮನ ಹೆಸರು ನಿನಗೆ ಗೊತ್ತಿದೆ."