ಬಾಯಿ ತೆರೆಯದ ದೊರೆ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಬೆಲ್ಲ ಚಪ್ಪರಿಸ್ತಾ ಬಂದಿದ್ದೀರಲ್ಲ, ಮೊದಲು ನುಂಗಿ. ಹೋಗಿ ಬಾಯಿ ಮುಕ್ಕಳಿಸಿ ಬನ್ನಿ. ಯಾಕಜ್ಜಿ ಅಂತ ಕೇಳಬೇಡಿ, ಕತೆ ಮುಗಿಯೋ ಹೊತ್ತಿಗೆ ನಿಮಗೇ ತಿಳಿಯತ್ತೆ.

ಏಳು ಕೆರೆ ದಾಟಿದರೆ ಒಂದು ಕಲ್ಲುಕೋಟೆ. ಆ ಕೋಟೆಯಲ್ಲಿ ಹಂಪನಾಯಕ ಅಂತ ಒಬ್ಬ ದೊರೆ ಇದ್ದ. ಒಳ್ಳೆಯವನೇ. ನಾಲ್ಕು ಜನ ಸುತ್ತ ಕೂತು ಮಾತಾಡಿದರೆ ಅವನಿಗೆ ಹೊಟ್ಟೆ ತುಂಬುತ್ತಿತ್ತು. ಆದರೆ ಅಲ್ಲಿ ಮುತ್ತಾತನ ಕಾಲದ ಒಂದು ಕಟ್ಟಳೆ ಇತ್ತು. ದೊರೆಯ ತೆರೆದ ಬಾಯನ್ನು ಯಾರೂ ನೋಡಬಾರದು. ಉಣ್ಣುವಾಗ ಪರದೆ. ನಗುವಾಗ ಶಲ್ಯ ಅಡ್ಡ. ದೊರೆ ಆಕಳಿಸಿದರೆ ಎಲ್ಲರೂ ನೆಲ ನೋಡಬೇಕು. ಬಾಯಿ ನೋಡಿದವರಿಗೆ ಗಡೀಪಾರು!

ಒಂದು ದಿನ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುವಾಗ ದೊರೆಯ ವಸಡಿನಿಂದ ರಕ್ತ ಬಂತು. ಪಕ್ಕದಲ್ಲಿದ್ದವನು ಚೆಲುವಯ್ಯ, ದೊರೆಯ ಎಲೆ ಅಡಿಕೆ ಸಂಚಿ ಹಿಡಿಯುವವನು.

"ಅಯ್ಯೋ ಬುದ್ಧಿ, ದೊರೆಗಳ ರಕ್ತ ಬಚ್ಚಲಿಗೆ ಬೀಳೋದೇ? ಆ ಕಡ್ಡಿ ಬಿಸಾಕಿ. ನಾನು ಕೊಡೋ ಎಲೆ ಅಡಿಕೆ ಅಗೀರಿ, ಬಾಯಿ ತಾನಾಗಿ ಘಮ್ ಅನ್ನತ್ತೆ."

ದೊರೆ ನಂಬಿದ. ಹಲ್ಲುಜ್ಜೋದು ಬಿಟ್ಟ. ಒಂದು ವರ್ಷ ಆಯ್ತು, ಎರಡು ವರ್ಷ ಆಯ್ತು, ಮೂರು ವರ್ಷ ಆಯ್ತು. ಹಲ್ಲಿನ ಬುಡಕ್ಕೆ ಗಾರೆ ಮೆತ್ತಿದ ಹಾಗೆ ಕೊಳೆ ಕಟ್ಟಿತು. ದವಡೆ ಹಲ್ಲೊಂದು ಹುಳುಕಾಯಿತು. ಬಾಯಿ ಗಬ್ಬು ನಾರತೊಡಗಿತು. ತನ್ನ ಬಾಯಿ ವಾಸನೆ ತನಗೆ ಗೊತ್ತಾಗತ್ತಾ? ಇಲ್ಲ. ಬೇರೆಯವರು ಹೇಳೋಣ ಅಂದರೆ ಕಟ್ಟಳೆಯ ಭಯ.

ಮೊದಲು ದೂರ ಸರಿದವರು ಪ್ರಧಾನಿ ದೇವಪ್ಪಯ್ಯ, ದೊರೆಯ ಬಾಲ್ಯದ ಗೆಳೆಯ. ಕಿವಿಗೆ ಬಾಯಿ ಹಚ್ಚಿ ಗುಟ್ಟು ಮಾತಾಡುತ್ತಿದ್ದವರು ಏಳು ಹೆಜ್ಜೆ ಹಿಂದೆ ನಿಂತರು. ಯಾಕೆ ಅಂತ ದೊರೆ ಚೆಲುವಯ್ಯನ್ನ ಕೇಳಿದ. "ಪಿತೂರಿ, ಬುದ್ಧಿ. ಮುಖ ಕೊಟ್ಟು ಮಾತಾಡೋಕೆ ಅಳುಕು," ಅಂದ. ದೊರೆ ಗೆಳೆಯನನ್ನು ಊರಿಗೆ ಅಟ್ಟಿದ.

ಆಮೇಲೆ ರಾಣಿ ಚೆನ್ನಾಜಮ್ಮ. ದೊರೆ ಮಾತಾಡಿಸಿದರೆ ಸೆರಗು ಮೂಗಿಗೆ ಬರುತ್ತಿತ್ತು. "ಸೊಕ್ಕು, ಬುದ್ಧಿ," ಅಂದ ಚೆಲುವಯ್ಯ. ದೊರೆ ಮಾತು ಬಿಟ್ಟ. ರಾಣಿ ಕೆರೆಯ ಕಡೆಯ ಚಿಕ್ಕ ಮನೆಗೆ ಹೋದಳು.

ಆಮೇಲೆ ಸಾಕಿದ ಗಿಳಿ. ದೊರೆ ತುಟಿಯಲ್ಲಿ ಸೀಬೆ ಚೂರು ಹಿಡಿದರೆ ಬಂದು ಕಚ್ಚಿಕೊಂಡು ಹೋಗುತ್ತಿತ್ತು. ಈಗ ಕೋಲಿನ ತುದಿಗೆ ಸರಿದು, ಬೆನ್ನು ತಿರುಗಿಸಿ, "ಬೇಡ, ಬೇಡ," ಅಂದಿತು. "ಉಂಡ ಮನೆಗೆ ಎರಡು ಬಗೆಯೋ ಜಾತಿ, ಬುದ್ಧಿ," ಅಂದ ಚೆಲುವಯ್ಯ. ದೊರೆ ಕಿಟಕಿ ತೆಗೆದ. ಗಿಳಿ ಹಾರಿಹೋಯಿತು.

ಚೆಲುವಯ್ಯ ಮಾತ್ರ ಹತ್ತಿರವೇ. ಹೇಗಂತೀರಾ? ಅವನ ಎರಡೂ ಮೂಗಿನ ಹೊಳ್ಳೆಯಲ್ಲಿ ಅತ್ತರಿನ ಹತ್ತಿ! ಕೇಳಿದರೆ, "ನೆಗಡಿ, ಬುದ್ಧಿ." ಮೂರು ವರ್ಷದ ನೆಗಡಿ! ಬೇರೆ ಯಾರೂ ಹತ್ತಿರ ಬರದ ಮೇಲೆ ದೊರೆಗೆ ಏನು ಹೇಳಬೇಕಾದರೂ ಅವನನ್ನೇ ಹಿಡಿಯಬೇಕು, ಅವನ ಮನೆಗೇ ಕಾಣಿಕೆ ಹೊರಬೇಕು. ಕಳ್ಳ ನನ್ಮಗ, ದೊರೆಯ ಬಾಯಿ ನಾರಿದಷ್ಟೂ ಅವನಿಗೆ ಹಬ್ಬ.

ದೊರೆ ಪರದೆಯೊಳಗೆ ಒಬ್ಬನೇ ಉಣ್ಣುತ್ತಿದ್ದ. ಒಂದು ಕಡೆ ಹಲ್ಲುನೋವು, ಇನ್ನೊಂದು ಕಡೆಯಲ್ಲೇ ಅಗಿಯಬೇಕು. ನೋವು ಅಂತ ಹೇಳಿಕೊಳ್ಳೋಕೂ ಪಕ್ಕದಲ್ಲಿ ಒಂದು ಜೀವ ಬೇಕಲ್ಲ, ಅದಿಲ್ಲ. ಗಿಳಿಯ ಖಾಲಿ ಕೋಲಿನ ಹತ್ತಿರ ಹೋಗಿ, "ಇವತ್ತು ಸೆಖೆ ಜಾಸ್ತಿ, ಅಲ್ವಾ?" ಅಂತ ಕೇಳುತ್ತಿದ್ದ. ಉತ್ತರ ಯಾರು ಕೊಡಬೇಕು? ಸ್ವಲ್ಪ ಹೊತ್ತು ಕಾದು, ತಾನೇ "ಹೂಂ" ಅಂದುಕೊಂಡು ಬರುತ್ತಿದ್ದ. ಪಾಪ!

ಹೀಗಿರುವಾಗ ದೊರೆಯ ಸೊಸೆ ಹೆಣ್ಣುಮಗು ಹೆತ್ತಳು. ದೊರೆಗೆ ಹೋದ ಜೀವ ಬಂದ ಹಾಗಾಯಿತು. ಪ್ರಧಾನಿ ಹೋದರೇನು, ಹೆಂಡತಿ ಹೋದರೇನು, ಮಡಿಲಿಗೊಂದು ಮೊಮ್ಮಗಳು ಬಂದಳಲ್ಲ! ಹೆಸರಿಡುವ ದಿನ ಬಂತು. ತಾತ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ದೊರೆ ಬಗ್ಗಿದ. ಮಗು ಮುಖ ತಿರುಗಿಸಿತು. ಮತ್ತೆ ಬಗ್ಗಿದ. ಮಗು ಚೀರಿತು. ಮೂರನೇ ಸಲ ಬಗ್ಗಿದ. ಮಗು ಅತ್ತು ಅತ್ತು ಕೆಂಪಾಗಿ, ಕುಡಿದ ಹಾಲನ್ನೆಲ್ಲ ಕಕ್ಕಿತು. ಹೆಸರು ದೊರೆಯ ಬಾಯಲ್ಲೇ ಉಳಿಯಿತು.

"ನೋಡಿದ್ರಾ ಬುದ್ಧಿ? ಮುಖ ತಿರುಗಿಸಿದವರೆಲ್ಲ ದ್ರೋಹಿಗಳು. ಈ ಮಗುವಿನ ನಕ್ಷತ್ರ ನಿಮಗೆ ಆಗಲ್ಲ. ತಾಯಿ ಮಗು ಇಬ್ಬರನ್ನೂ ಹನ್ನೆರಡು ವರ್ಷ ತವರಿಗೆ ಕಳಿಸಿಬಿಡಿ," ಅಂದ ಚೆಲುವಯ್ಯ.

ದೊರೆಯ ಕರುಳು ಕಿತ್ತು ಬಂತು. ಆದರೂ ಅಪ್ಪಣೆ ಮಾಡಿದ: "ನನ್ನ ಮಾತಿಗೆ ಮುಖ ತಿರುಗಿಸಿದವರು ಯಾರೇ ಆಗಲಿ, ಈ ಕೋಟೆಯಲ್ಲಿ ಇರಕೂಡದು. ನಾಳೆ ಗಾಡಿ ಕಟ್ಟಿ."

ಮೊಮ್ಮಗಳ ಗಾಡಿಗೆ ಸಾಧುವಾದ ಕುದುರೆ ಆರಿಸಲು ದೊರೆ ತಾನೇ ಲಾಯಕ್ಕೆ ಹೋದ. ಅಲ್ಲಿ ಕುದುರೆ ನೋಡಿಕೊಳ್ಳುವ ಮುದುಕಿ ಗಿರಿಯವ್ವ ಒಂದು ಕುದುರೆಯ ಬಾಯಿ ಅಗಲಿಸಿ ಕೈ ಹಾಕಿದ್ದಳು.

"ಏನು ಮಾಡ್ತಿದ್ದೀಯವ್ವ?"

"ಹಲ್ಲು ನೋಡ್ತಿದ್ದೀನಿ, ಬುದ್ಧಿ. ಆರು ತಿಂಗಳಿಗೊಮ್ಮೆ ಎಲ್ಲ ಕುದುರೆಗಳ ಬಾಯಿ ನೋಡ್ತೀನಿ. ಹೋದ ಸಲ ಇದರ ಹಲ್ಲು ಹುಳುಕಾಗಿತ್ತು. ಪಕ್ಕದ ಕುದುರೆ ಇದರ ಕಡೆ ಮುಖ ಹಾಕ್ತಿರಲಿಲ್ಲ."

ದೊರೆ ಗಕ್ಕನೆ ನಿಂತ. "ದ್ರೋಹಕ್ಕಲ್ವಾ ಮುಖ ತಿರುಗಿಸೋದು?"

"ಕುದುರೆಗೆ ದ್ರೋಹ ಎಲ್ಲಿ ಗೊತ್ತು, ಬುದ್ಧಿ? ಅದಕ್ಕೆ ಮೂಗು ಗೊತ್ತು."

ದೊರೆ ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡ. ಆಮೇಲೆ ಮೆಲ್ಲಗೆ, "ನನ್ನ ಬಾಯಿ ನೋಡ್ತೀಯಾ?" ಅಂದ.

"ನೋಡಿದರೆ ಗಡೀಪಾರು. ನಾನು ನೋಡಲ್ಲಪ್ಪ. ನಾಳೆ ಚೆಲುವಯ್ಯನ ಮೂಗಿನ ಹತ್ತಿ ತೆಗೆಸಿ. ಮಗುವಿಗೆ ಹೇಳಬೇಕಾದ ಹೆಸರನ್ನ ಅವನ ಮುಖದ ಹತ್ತಿರ ಮೂರು ಸಲ ಹೇಳಿ. ಅಷ್ಟು ಸಾಕು."

ಬೆಳಗಾಯಿತು. ಗಾಡಿ ಬಾಗಿಲಲ್ಲಿ ನಿಂತಿತು. ಸಭೆಯ ಮುಂದೆ ದೊರೆ ಚೆಲುವಯ್ಯನ್ನ ಕರೆದು ಹತ್ತಿ ತೆಗೆಸಿದ. ಒಂದು ಸಲ ಹೆಸರು ಹೇಳಿದ. ಚೆಲುವಯ್ಯನ ಕಣ್ಣಲ್ಲಿ ನೀರು. ಎರಡನೇ ಸಲ ಹೇಳಿದ. ಚೆಲುವಯ್ಯ ಉಸಿರು ಬಿಗಿಹಿಡಿದ. ಎಷ್ಟು ಹೊತ್ತು ಅಂತ ಹಿಡೀತಾನೆ? ಮೂರನೇ ಸಲ ಹೇಳುವಷ್ಟರಲ್ಲಿ ಮುಖ ಆಚೆ ತಿರುಗಿಸಿ, "ವ್ಯಾಕ್!" ಅಂತ ಓಕರಿಸಿಬಿಟ್ಟ.

"ಬುದ್ಧಿ," ಅಂದಳು ಗಾಡಿಯ ಕುದುರೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಿರಿಯವ್ವ, "ಮುಖ ತಿರುಗಿಸಿದವರು ಕೋಟೆಯಲ್ಲಿ ಇರಕೂಡದು ಅಂತ ನಿನ್ನೆ ತಾನೇ ಅಪ್ಪಣೆಯಾಯ್ತಲ್ಲ?"

ಚೆಲುವಯ್ಯ ತಾನೇ ತೋಡಿದ ಗುಂಡಿಗೆ ತಾನೇ ಬಿದ್ದ. ಮಗುವಿಗೆ ಕಟ್ಟಿದ ಗಾಡಿಯಲ್ಲಿ ಅವನೇ ಹೋದ, ಸಂಚಿ ಸಮೇತ.

ದೊರೆ ಕಟ್ಟಳೆ ಮುರಿದ. ಹಲ್ಲಿನ ವೈದ್ಯರನ್ನು ಕರೆಸಿ ಬೆಳಕಿಗೆ ಮುಖ ಮಾಡಿ ಕೂತು, ಆ ಅಂತ ಬಾಯಿ ತೆರೆದ. ವೈದ್ಯರು ಹುಳುಕು ಹಲ್ಲು ಕಿತ್ತರು, ಕಟ್ಟಿದ ಕೊಳೆ ಕೆರೆದರು, ಬೈದರು ಕೂಡ. "ರಕ್ತ ಬಂತು ಅಂತ ಉಜ್ಜೋದು ಬಿಟ್ಟಿರಲ್ಲ, ಕೊಳೆ ಇದ್ದದ್ದಕ್ಕೇ ರಕ್ತ ಬಂದದ್ದು! ಬೆಳಿಗ್ಗೆ ಎದ್ದು ಉಜ್ಜಿ, ಮಲಗೋ ಮುಂಚೆ ಉಜ್ಜಿ. ತಿಂದ ಮೇಲೆ ಮುಕ್ಕಳಿಸಿ. ಎಲೆ ಅಡಿಕೆ ಮುಟ್ಟಬೇಡಿ. ನೋವಿರಲಿ ಬಿಡಲಿ, ಆರು ತಿಂಗಳಿಗೊಮ್ಮೆ ನನಗೆ ತೋರಿಸಿ."

ತಿಂಗಳು ಕಳೆಯಿತು. ದೊರೆ ತಾನೇ ಕೆರೆಯ ಕಡೆಯ ಮನೆಗೆ ನಡೆದು ಹೋದ. ರಾಣಿ ಎದುರಿಗೆ ಕೂತಳು. ಸೆರಗು ಮೂಗಿಗೆ ಹೋಗಲಿಲ್ಲ.

"ನೀನಾದರೂ ಹೇಳಬಾರದಿತ್ತಾ?"

"ಮೂರು ಸಲ ಹೇಳಿಕಳಿಸಿದೆ, ಚೆಲುವಯ್ಯನ ಕೈಲೇ. ಅವನು ನಿಮಗೆ ಮುಟ್ಟಿಸಿದರೆ ತಾನೇ?"

ದೇವಪ್ಪಯ್ಯನನ್ನು ಕರೆತರಲು ಪಲ್ಲಕ್ಕಿ ಹೋಯಿತು. ಖಾಲಿ ಬಂತು. ಹೋದ ಮಳೆಗಾಲದಲ್ಲೇ ಅವರು ತೀರಿಕೊಂಡಿದ್ದರು. ಕೊನೆಯ ದಿನಗಳಲ್ಲೂ ಊರಿಗೆ ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದರಂತೆ: "ನಮ್ಮ ದೊರೆ ಹಲ್ಲು ಯಾರಿಗಾದರೂ ತೋರಿಸಿಕೊಂಡರಾ?" ಅದನ್ನು ಕೇಳಿ ದೊರೆ ಮಗುವಿನ ಹಾಗೆ ಗೊಳೋ ಅಂತ ಅತ್ತ.

ಒಳ್ಳೆಯ ದಿನ ನೋಡಿ ಮತ್ತೆ ಹೆಸರಿಟ್ಟರು. ದೊರೆ ಹೆದರುತ್ತಲೇ ಬಗ್ಗಿದ. "ಗಿರಿಜೆ," ಅಂದ. ಮಗು ಕಣ್ಣರಳಿಸಿತು. "ಗಿರಿಜೆ." ಮಗು ಅವನ ಮೀಸೆ ಹಿಡಿಯಿತು. "ಗಿರಿಜೆ." ಮಗು ಬೊಚ್ಚುಬಾಯಿ ಬಿಟ್ಟು ನಕ್ಕಿತು. ದೊರೆಯೂ ನಕ್ಕ, ಶಲ್ಯ ಅಡ್ಡ ಹಿಡಿಯದೆ. ಆದರೆ ಗಿಳಿ ಮಾತ್ರ ವಾಪಸು ಬರಲೇ ಇಲ್ಲ. ದೊರೆ ಇರುವಷ್ಟು ಕಾಲ ಆ ಕಿಟಕಿ ಮುಚ್ಚಲಿಲ್ಲ.

ಇಷ್ಟೇ ಮಕ್ಕಳೇ ನೀತಿ. ದಿನಾ ಎರಡು ಸಲ ಹಲ್ಲುಜ್ಜಿ, ಆರು ತಿಂಗಳಿಗೊಮ್ಮೆ ವೈದ್ಯರ ಮುಂದೆ ಬಾಯಿ ತೆರೆಯಿರಿ. ನಿನ್ನ ಬಾಯಿ ನಾರತ್ತೆ ಅಂತ ಹೇಳೋರು ಬೇಕಾದವರು, ಘಮ್ ಅನ್ನತ್ತೆ ಅಂತ ಹೊಗಳೋರನ್ನ ನಂಬಬೇಡಿ. ಕೆಟ್ಟ ಹಲ್ಲನ್ನ ವೈದ್ಯರು ನೋಡಿಕೊಳ್ತಾರೆ, ಕಳಕೊಂಡವರನ್ನ ಯಾರೂ ತಂದುಕೊಡಲ್ಲ. ದೊರೆಯ ಕತೆ ಕೋಟೆಗಾಯ್ತು, ನನ್ನ ಕತೆ ನಿಮಗಾಯ್ತು. ಈಗ ಒಬ್ಬೊಬ್ಬರಾಗಿ ಬನ್ನಿ, ಆ ಅನ್ನಿ, ನೋಡೋಣ.