ಅಪ್ಪನ ಅಂಗಿ ತೊಟ್ಟ ಬೆದರುಬೊಂಬೆ

"ಗುರುಗಳೇ, ಜನರನ್ನು ದೂರ ಇಡುವುದು ಹೇಗೆ?" ಎಂದು ಶಿಷ್ಯ ಗುರುಪಾದಯ್ಯ ಕೇಳಿದ.

ಹಳ್ಳಿಯೊಂದರ ಚಿಕ್ಕ ಮಠವನ್ನು ನೋಡಿಕೊಳ್ಳಲು ಗುರುಗಳು ಅವನನ್ನು ಕಳಿಸಿ ಆರು ತಿಂಗಳಾಗಿತ್ತು. ಅಲ್ಲಿದ್ದ ಹಿರಿಯ ಸ್ವಾಮಿಗಳು ಲಿಂಗೈಕ್ಯರಾಗಿದ್ದರು. ಅವರ ಹಳೆಯ ಕಾವಿ ಶಾಲನ್ನೇ ಊರವರು ಇವನಿಗೆ ಹೊದಿಸಿದ್ದರು. ಈಗಲೂ ಅದು ಅವನ ಹೆಗಲ ಮೇಲಿತ್ತು.

"ಬೆಳಗಾದರೆ ಬಾಗಿಲಲ್ಲಿ ಬಂದು ಕೂರುತ್ತಾರೆ. ಒಬ್ಬರ ಎಮ್ಮೆ ಹಾಲು ಕೊಡುವುದಿಲ್ಲ, ಇನ್ನೊಬ್ಬರ ಸೊಸೆ ಮಾತಾಡುವುದಿಲ್ಲ. ನನ್ನ ಜಪ, ಓದು ಎಲ್ಲವನ್ನೂ ಕುಕ್ಕಿ ತಿನ್ನುತ್ತಿದ್ದಾರೆ. ಬಾಗಿಲು ಹಾಕಿಸಿಬಿಡಲೇ?"

ಗುರುಗಳು ನಕ್ಕರು. "ಕುಕ್ಕುತ್ತಾರೆ ಅಂದೆಯಲ್ಲ ಮರಿ, ಹಾಗಾದರೆ ಹಕ್ಕಿಯ ಕತೆಯನ್ನೇ ಕೇಳು" ಎಂದು ಶುರು ಮಾಡಿದರು.

ಒಬ್ಬ ತೋಟಿಗನಿದ್ದ. ಅವನಪ್ಪ ನೆಟ್ಟ ಅಂಜೂರದ ಗಿಡಗಳು ಏಳು. ಏಳೇ ಏಳು, ಆದರೂ ಬೇಸಿಗೆ ಬಂತೆಂದರೆ ಆ ಮನೆಯಲ್ಲಿ ಹಬ್ಬ. ಮೊದಲು ಮಾಗಿದ ಒಂದು ಬುಟ್ಟಿ ಹಣ್ಣನ್ನು ಮನೆಯವರು ಯಾರೂ ಮುಟ್ಟುವಂತಿಲ್ಲ. ಅಪ್ಪ ಅದನ್ನು ತಲೆಯ ಮೇಲಿಟ್ಟುಕೊಂಡು ಮೂರು ಹರದಾರಿ ನಡೆದು, ಮದುವೆಯಾಗಿ ಹೋದ ಮಗಳಿಗೆ ಕೊಟ್ಟು ಬರಬೇಕು. ಮಗಳು ಮೇಲಿನ ಎಲೆ ಸರಿಸಿ, ಮೂಸಿ ನೋಡಿ, "ತೋಟ ಬಂತು" ಅನ್ನಬೇಕು. ಆಮೇಲೆ ಉಳಿದವರ ಬಾಯಿಗೆ ಹಣ್ಣು.

ಅಪ್ಪ ತೀರಿಕೊಂಡ. ಅದರ ಮರು ಬೇಸಿಗೆ ಹಣ್ಣು ಬಣ್ಣ ತಿರುಗಿದ್ದೇ ತಡ, ಹಕ್ಕಿಗಳ ದಂಡೇ ಬಂದು ಇಳಿಯಿತು. ಗಿಳಿ, ಪಿಕಳಾರ, ಗೊರವಂಕ, ಯಾವುದು ಬೇಕು ಹೇಳು! ಒಂದು ಹಣ್ಣನ್ನಾದರೂ ಪೂರ್ತಿ ತಿಂದವೇ? ಅದೂ ಇಲ್ಲ. ಇದಕ್ಕೊಂದು ತೂತು, ಅದಕ್ಕೊಂದು ತೂತು. ಬುಟ್ಟಿ ತುಂಬಲಿಲ್ಲ, ತಂಗಿಗೆ ಹಣ್ಣು ಹೋಗಲಿಲ್ಲ. ಅದೇ ಅವನಿಗೆ ಹೆಚ್ಚು ನೋವು ತಂದಿತು. ಅಪ್ಪನ ಜೊತೆಗೆ ತವರೂ ಹೋಯಿತು ಅಂತ ಅವಳು ಅಂದುಕೊಂಡರೆ ಏನು ಗತಿ?

ಇನ್ನೊಂದು ಬೇಸಿಗೆ ಬಂತು. ಈ ಸಲ ಬುಟ್ಟಿ ತಪ್ಪಬಾರದು ಎಂದು ಸೊಂಟ ಕಟ್ಟಿ ನಿಂತ. ಪಕ್ಕದ ತೋಟದವರು ಬಲೆ ಹಾಕು ಅಂದರು. ಬಲೆಗೆ ಸಿಕ್ಕ ಹಕ್ಕಿ ಒದ್ದಾಡಿ ಸಾಯುವುದನ್ನು ಅವನು ಕಂಡಿದ್ದ. ಅಪ್ಪನ ತೋಟದಲ್ಲಿ ಅದು ಬೇಡ ಅಂದ. ಹಳೆಯ ಸೀರೆ ಹರಿದು ಹಣ್ಣಿಗೊಂದು ಚೀಲ ಕಟ್ಟಿದ. ಗಿಳಿಗಳು ಚೀಲವನ್ನೇ ಹರಿದವು. ತಗಡು ಬಡಿದ. ಎರಡು ದಿನ ಹೆದರಿದವು. ಮೂರನೆಯ ದಿನ ಅವನ ಕೈ ನೋಯಿತೇ ಹೊರತು ಒಂದು ಹಕ್ಕಿಯೂ ಕದಲಲಿಲ್ಲ.

ಆಗ ಅವನಿಗೆ ಅಪ್ಪನ ನೆನಪಾಯಿತು. ಚಿಕ್ಕಂದಿನಿಂದಲೂ ಬೆಳಗಿನ ಹೊತ್ತು ಬಾವಿಯಲ್ಲಿ ನೀರು ಸೇದುವುದು ಅವನ ಕೆಲಸ. ಅಲ್ಲಿಂದ ನೋಡಿದರೆ ದೂರದಲ್ಲಿ, ಗಿಡಗಳ ನಡುವೆ, ಅಪ್ಪನ ಕೆಂಪು ರುಮಾಲು ಮತ್ತು ಮೇಲೆತ್ತಿದ ಎರಡು ಕೈ. ಪ್ರತಿ ಬೇಸಿಗೆಯೂ ಹಾಗೇ. ಅಪ್ಪ ಹಕ್ಕಿ ಓಡಿಸುತ್ತಿದ್ದಾನೆ ಎಂದೇ ಅವನು ತಿಳಿದಿದ್ದ. ಪೆಟ್ಟಿಗೆ ತೆರೆದು ಅಪ್ಪನ ಅಂಗಿ, ರುಮಾಲು ತೆಗೆದ. ಅಂಗಿಗೆ ಇನ್ನೂ ಹೊಗೆಸೊಪ್ಪಿನ ವಾಸನೆ ಇತ್ತು. ಅದನ್ನು ಮುಖಕ್ಕೆ ಒತ್ತಿಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ ಹುಲ್ಲು ತುಂಬಿ, ಎರಡೂ ಕೈ ಮೇಲೆತ್ತಿದ ಬೆದರುಬೊಂಬೆ ಮಾಡಿ, ಗಿಡಗಳ ನಡುವೆ ನಿಲ್ಲಿಸಿದ.

ಮರುದಿನ ಹೋಗಿ ನೋಡುತ್ತಾನೆ, ಅಯ್ಯೋ ದೇವರೇ! ರುಮಾಲಿನ ಮೇಲೊಂದು, ಹೆಗಲ ಮೇಲೆರಡು, ತೋಳುಗಳ ಉದ್ದಕ್ಕೂ ಸಾಲು ಸಾಲು. ಊರ ಹಕ್ಕಿಯೆಲ್ಲ ಬಂದು ಅಪ್ಪನ ಮೇಲೆ ಕೂತಿವೆ. ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅದೇ ಹೊತ್ತಿಗೆ ತಂಗಿ ಬಂದಳು. ಈ ವರ್ಷವೂ ಬುಟ್ಟಿ ಬರಲಿಲ್ಲ, ಅಣ್ಣನಿಗೆ ಏನಾಯಿತೋ ಎಂದು ನೋಡಲು ಬಂದಿದ್ದಳು. ಬೊಂಬೆಯನ್ನು ಕಂಡವಳೇ ಬಾಯಿಗೆ ಸೆರಗು ಹಿಡಿದು ನಿಂತಳು.

"ನೋಡಮ್ಮ, ಅಪ್ಪನಿಗೆ ಹೆದರುತ್ತಿದ್ದ ಹಕ್ಕಿಗಳು ಅವನ ಅಂಗಿಗೆ ಹೆದರುವುದಿಲ್ಲ" ಅಂದ ಅಣ್ಣ.

"ಹೆದರುತ್ತಿದ್ದವು ಅಂತ ಯಾರು ಹೇಳಿದರು ನಿನಗೆ? ಅಪ್ಪ ಕೈ ಎತ್ತುತ್ತಿದ್ದದ್ದು ಓಡಿಸುವುದಕ್ಕಲ್ಲ ಅಣ್ಣ, ಕೊಂಬೆಗೆ ಕಟ್ಟಿದ ಕುಡಿಕೆಗಳಿಗೆ ನೀರು ಹೊಯ್ಯುವುದಕ್ಕೆ. ಬಿಸಿಲಲ್ಲಿ ಬಾಯಾರಿದ ಹಕ್ಕಿ ನೀರಿಗಾಗಿ ಹಣ್ಣು ಕುಕ್ಕುತ್ತದೆ ಅನ್ನುತ್ತಿದ್ದ. ಮದುವೆಯಾಗುವವರೆಗೂ ಚೊಂಬು ತುಂಬಿ ತುಂಬಿ ಕೊಡುತ್ತಿದ್ದವಳು ನಾನೇ ಅಲ್ಲವೇ? ನೀನು ಸೇದಿದ ನೀರೇ ಅದು." ಅವಳು ಕಣ್ಣೊರೆಸಿಕೊಂಡಳು. "ಅಪ್ಪನ ಅಂಗಿ ತೊಡಿಸಿದ್ದೀಯ, ಕೈಗೆ ಚೊಂಬು ಕೊಟ್ಟಿಲ್ಲ. ಪಾಪ, ಬಂದು ಕಾಯುತ್ತಾ ಕೂತಿವೆ."

ಆ ಕುಡಿಕೆಗಳನ್ನು ಅವನು ಕಂಡಿರಲಿಲ್ಲವೇ? ಕಂಡಿದ್ದ. ಕೆಟ್ಟ ಕಣ್ಣು ಬೀಳದಿರಲಿ ಎಂದು ದೃಷ್ಟಿಗೆ ಕಟ್ಟಿದ್ದು ಅಂದುಕೊಂಡಿದ್ದ. ಅಪ್ಪ ಹೋದ ಮೇಲೆ ತಾನೇ ಬಿಚ್ಚಿ ಗುಡಿಸಲ ಮೂಲೆಯಲ್ಲಿ ಬೋರಲು ಹಾಕಿದ್ದ. ಅಂದೇ ಗಿಡಕ್ಕೊಂದರಂತೆ ಏಳು ಕುಡಿಕೆಗಳನ್ನೂ ತಂದು ತೊಳೆದು ಕಟ್ಟಿದರು. ಅಣ್ಣ ಕೈ ಮೇಲೆತ್ತಿ ನೀರು ಹೊಯ್ದ, ತಂಗಿ ಚೊಂಬು ತುಂಬಿ ಕೊಟ್ಟಳು.

ಆಮೇಲೆ ಹಕ್ಕಿ ಹಣ್ಣನ್ನು ಮುಟ್ಟಲೇ ಇಲ್ಲ ಅಂದರೆ ಸುಳ್ಳು ಹೇಳಿದಂತೆ. ಮುಟ್ಟಿದವು, ಒಂದಿಷ್ಟು ತಿಂದವು. ಆದರೆ ಬುಟ್ಟಿ ತುಂಬಿತು. ಎಂಟನೆಯ ದಿನ ಅಣ್ಣ ಅದನ್ನು ತಲೆಯ ಮೇಲಿಟ್ಟುಕೊಂಡು ಮೂರು ಹರದಾರಿ ನಡೆದ. ತಂಗಿ ಎಲೆ ಸರಿಸಿ ಮೂಸಿದಳು. "ತೋಟ ಬಂತು" ಅಂದಳು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದಯ್ಯ, "ಹಾಗಾದರೆ ಬಾಗಿಲು ಹಾಕಿಸಲೋ ಬೇಡವೋ?" ಎಂದ.

ಗುರುಗಳು ಅವನ ಹೆಗಲ ಕಡೆ ನೋಡಿದರು.

"ಅದಿರಲಿ ಮರಿ, ನೀನು ಹೊದ್ದಿರುವ ಶಾಲು ಯಾರದು?"